ಹೊಸಬರ ಅಂಜಿಕೆ ಮತ್ತು ಅಭಿನಯ ಶಿಕ್ಷಣ

ಮೊದಲ ಸಲ ರಂಗವೇರಿದವರ ಗಂಟಲು ಒಣಗುತ್ತದೆ, ಕೈ ಎಲ್ಲಿಡಬೇಕೆಂದು ತಿಳಿಯುವುದಿಲ್ಲ. ಇದನ್ನೇ ಪ್ರತಿಭೆಯ ಕೊರತೆಯೆಂದು ಬಗೆದು ಎಷ್ಟೋ ಮಂದಿಯನ್ನು ಹಿಂದಕ್ಕೆ ಕಳಿಸಿದ್ದೇವೆ. ಅಭಿನಯ ಶಿಕ್ಷಣ ನಡೆದು ಬಂದ ದಾರಿ ಬೇರೆಯದನ್ನೇ ಹೇಳುತ್ತದೆ: ಬರಿಯ ಧೈರ್ಯದ ಮಾತಿಗೆ ಅಂಜಿಕೆ ಹೋಗದು, ಕೈಗೊಂದು ಕೆಲಸ ಸಿಕ್ಕರೆ ಇಳಿಯುತ್ತದೆ.

ಯಕ್ಷಗಾನ ಮೇಳಗಳಿಗೆ ಇದು ಹಿಂದೆಯೇ ಗೊತ್ತಿತ್ತು. ಕಲಿಯಲು ಬಂದ ಹುಡುಗನಿಗೆ ನೇರವಾಗಿ ಪ್ರಸಂಗದ ದೊಡ್ಡ ವೇಷ ಸಿಗುತ್ತಿರಲಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ, ಮುಂದೆ ಬಾಲಗೋಪಾಲನಾಗಿ ಕುಣಿಯಬೇಕು. ಅಲ್ಲಿ ಅರ್ಥ ಹೇಳುವ ಹೊರೆಯಿಲ್ಲ, ತಾಳಕ್ಕೆ ಹೆಜ್ಜೆ ಕೂಡಿಸಿದರೆ ಸಾಕು. ಗುಬ್ಬಿ ಕಂಪನಿಯಂಥ ವೃತ್ತಿ ನಾಟಕ ಮಂಡಳಿಗಳಲ್ಲೂ ಹುಡುಗರು ಸಣ್ಣ ಪಾತ್ರಗಳಿಂದಲೇ ಬೆಳೆದರು. ರಂಗನಿರ್ದೇಶಕ ಬಿ.ವಿ. ಕಾರಂತರು ರಂಗಭೂಮಿಯ ಒಳಹೊರಗನ್ನು ಅರಿಯತೊಡಗಿದ್ದು ಅಲ್ಲಿಯೇ. ಆದರೆ ಈ ಕ್ರಮಕ್ಕೆ ವರ್ಷಗಟ್ಟಲೆ ಒಡನಾಟ ಬೇಕು. ಸಂಜೆಯಷ್ಟೇ ಬಿಡುವಿರುವ ಹವ್ಯಾಸಿಗೆ ಅದು ದಕ್ಕುವುದಿಲ್ಲ.

ಕಲಿಕೆಯನ್ನು ವಿವರವಾದ ಪಾಠವಾಗಿಸಿದವರಲ್ಲಿ ರಷ್ಯಾದ ಸ್ತಾನಿಸ್ಲಾವ್‌ಸ್ಕಿ ಮುಖ್ಯರು. 1898ರಲ್ಲಿ ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದವರಲ್ಲಿ ಅವರೊಬ್ಬರು. 1936ರಲ್ಲಿ ಇಂಗ್ಲಿಷಿನಲ್ಲಿ ಬಂದ ಅವರ ಪುಸ್ತಕದಲ್ಲೊಂದು ಪ್ರಸಂಗವಿದೆ. ಪರದೆಯ ಮಡಿಕೆಯಲ್ಲಿ ಸಿಕ್ಕಿಸಿಟ್ಟ ಪಿನ್ನನ್ನು ಹುಡುಕುವಂತೆ ಗುರು ಹೇಳಿದಾಗ ವಿದ್ಯಾರ್ಥಿನಿ ಹುಡುಕುವುದನ್ನು ಬಿಟ್ಟು ಸಂಕಟವನ್ನು ನಟಿಸುತ್ತಾಳೆ. ಪಿನ್ನು ಸಿಗದಿದ್ದರೆ ಶಾಲೆಯಲ್ಲಿ ಜಾಗವಿಲ್ಲವೆಂದಾಗ ನಿಜವಾಗಿ ಹುಡುಕತೊಡಗುತ್ತಾಳೆ. ನೋಡುವವರಿಗೆ ನಿಜವೆನಿಸುವುದು ಈ ಎರಡನೆಯ ಸಲ.

ಷಿಕಾಗೋದ ವಯೋಲಾ ಸ್ಪೋಲಿನ್ ಇದೇ ತಿಳಿವಿಗೆ ಆಟದ ರೂಪ ಕೊಟ್ಟರು. ಹಲ್ ಹೌಸ್ ಎಂಬ ಸಮಾಜಸೇವಾ ಕೇಂದ್ರದಲ್ಲಿ ನೀವಾ ಬಾಯ್ಡ್ ಅವರಿಂದ ಗುಂಪಿನಾಟಗಳ ಮಹತ್ವ ಕಲಿತ ಸ್ಪೋಲಿನ್, 1963ರಲ್ಲಿ ತಮ್ಮ ಅಭ್ಯಾಸಗಳನ್ನು ಪುಸ್ತಕವಾಗಿ ಪ್ರಕಟಿಸಿದರು. ಅದರ ಆರಂಭದ ಅಭ್ಯಾಸವೊಂದರಲ್ಲಿ ಅರ್ಧ ಗುಂಪು ಸುಮ್ಮನೆ ನಿಲ್ಲುತ್ತದೆ, ಉಳಿದರ್ಧ ನೋಡುತ್ತದೆ. ನಿಂತವರು ಮುಜುಗರದಿಂದ ಮಿಸುಕಾಡುತ್ತಾರೆ. ಆಮೇಲೆ ಏನನ್ನಾದರೂ ಎಣಿಸಲು, ಉದಾಹರಣೆಗೆ ಎದುರಿನ ಕುರ್ಚಿಗಳನ್ನೋ ನೆಲದ ಹಲಗೆಗಳನ್ನೋ ಲೆಕ್ಕಹಾಕಲು ಹೇಳಿದೊಡನೆ ಮೈ ಸಡಿಲವಾಗುತ್ತದೆ. ಗುರುವಿನ ಮೆಚ್ಚುಗೆಯ ಹಂಬಲವೂ ಕಲಿಯುವವರನ್ನು ಕಟ್ಟಿಹಾಕುತ್ತದೆ ಎಂಬುದು ಸ್ಪೋಲಿನ್ ಅವರ ಮತ್ತೊಂದು ದೊಡ್ಡ ಒಳನೋಟ.

ಇಂಗ್ಲೆಂಡಿನ ಕೀತ್ ಜಾನ್‌ಸ್ಟನ್ 1979ರ ಪುಸ್ತಕದಲ್ಲಿ ಇನ್ನೂ ಮುಂದೆ ಹೋದರು. ಮೊದಲ ತರಗತಿಯಲ್ಲಿ ತಾವೇ ನೆಲದ ಮೇಲೆ ಕುಳಿತು, ನೀವು ಸೋತರೆ ಅದರ ಹೊಣೆ ನನ್ನದು ಎನ್ನುತ್ತಿದ್ದರು. ಸೋಲುವ ಭಯ ಇಳಿದಷ್ಟೂ ಕಲ್ಪನೆ ತೆರೆದುಕೊಳ್ಳುತ್ತದೆಂಬುದು ಅವರ ಅನುಭವ.

ಕನ್ನಡದಲ್ಲಿ ಹೊಸಬರಿಗೆ ಕ್ರಮಬದ್ಧ ಶಿಕ್ಷಣದ ಬಾಗಿಲು ತೆರೆದದ್ದು ಸಂಸ್ಥೆಗಳು. ಉಡುಪಿಯ ಯಕ್ಷಗಾನ ಕೇಂದ್ರ 1971ರಲ್ಲಿ ಹುಟ್ಟಿತು. ಕೆ.ವಿ. ಸುಬ್ಬಣ್ಣನವರ ಮುಂದಾಳತ್ವದಲ್ಲಿ ಹೆಗ್ಗೋಡಿನ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ಆರಂಭಿಸಿತು. 1989ರಲ್ಲಿ ಕಾರಂತರ ನಿರ್ದೇಶನದಲ್ಲಿ ಮೈಸೂರಿನ ರಂಗಾಯಣ ಬಂತು. ಕಾರಂತರ ನಾಟಕಗಳ ಮೇಳಗಾಯನವೂ ಒಂದು ಪಾಠವೇ. ಹತ್ತು ಮಂದಿಯ ದನಿಯಲ್ಲಿ ತಮ್ಮ ದನಿ ಸೇರಿಸಿದವರು ಒಂಟಿಯಾಗಿ ಹಾಡಲು ಅಲ್ಲಿಯೇ ಸಿದ್ಧರಾಗುತ್ತಾರೆ.

ಇಂದು ಊರೂರಲ್ಲಿ ರಂಗಶಿಬಿರಗಳಿವೆ. ಹಲವು ಕಡೆ ಕೊನೆಯ ದಿನದ ಪ್ರದರ್ಶನದ ಅವಸರಕ್ಕೆ ಮೊದಲ ದಿನವೇ ಮಾತಿನ ಹಾಳೆ ಹಂಚುತ್ತಾರೆ. ಚುರುಕಾದವರಿಗೆ ದೊಡ್ಡ ಪಾತ್ರ, ಅಂಜುವವರಿಗೆ ಮೂಲೆ. ಶಿಬಿರ ನಿಜಕ್ಕೂ ಬೇಕಾಗಿರುವುದು ಆ ಮೂಲೆಯವರಿಗೇ. ಮೊದಲ ಕೆಲವು ದಿನ ಹಾಳೆಯನ್ನು ಬದಿಗಿಟ್ಟು ಆಟ, ಹೆಜ್ಜೆ, ಗುಂಪಿನ ಹಾಡಿಗೆ ಮೀಸಲಿಡಲಿ. ಪ್ರದರ್ಶನ ತುಸು ಚಿಕ್ಕದಾದರೂ ಚಿಂತೆಯಿಲ್ಲ, ನಟರು ಹೆಚ್ಚುತ್ತಾರೆ.