ಪಾತಾಳದಲ್ಲಿ ಸೂರ್ಯಶೋಧನೆ

ಪಾತಾಳವನ್ನು ಸೂರ್ಯರಶ್ಮಿಯು ಪ್ರವೇಶಿಸದ ಲೋಕವೆಂದು ಪುರಾಣಗಳು ವರ್ಣಿಸುತ್ತವೆ. ಅಲ್ಲಿ ನಾಗರ ಹೆಡೆಯ ಮಣಿಗಳೇ ದೀಪಗಳು. ಆದರೆ ಸೂರ್ಯನ ಗರ್ಭದಲ್ಲಿ ನಡೆಯುವ ವ್ಯಾಪಾರವನ್ನು ಅರಿಯಬೇಕಾದಾಗ ಮನುಷ್ಯನು ಆಕಾಶದ ಕಡೆಗೆ ಮೊಗವೆತ್ತದೆ ಪಾತಾಳಕ್ಕೇ ಇಳಿಯಬೇಕಾಯಿತು. ಆ ಚರಿತ್ರೆಯ ಮೊದಲ ಪುಟಗಳಲ್ಲೊಂದು ಬರೆಯಲ್ಪಟ್ಟುದು ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ.

ಸೂರ್ಯಗರ್ಭದಲ್ಲಿ ಜಲಜನಕದ ನಾಲ್ಕು ಬೀಜಕಣಗಳು ಕೂಡಿ ಹೀಲಿಯಂ ಆಗುವಾಗ ಶಕ್ತಿಯೊಡನೆ ನ್ಯೂಟ್ರಿನೋ ಎಂಬ ಎರಡು ಕಣಗಳೂ ಹೊರಬೀಳುತ್ತವೆ. ಇಂಥ ಕಣವೊಂದು ಇರಲೇಬೇಕೆಂದು 1930ರಲ್ಲಿ ಪೌಲಿಯು ತರ್ಕದಿಂದ ಊಹಿಸಿದನು. 1956ರಲ್ಲಿ ರೈನ್ಸ್ ಮತ್ತು ಕವನ್ ಎಂಬವರು ಪರಮಾಣು ಸ್ಥಾವರದ ಬಳಿ ಅದನ್ನು ಕಂಡುಹಿಡಿದರು. ಸೂರ್ಯಗರ್ಭದ ಬೆಳಕು ಒಳಗೇ ತೊಳಲಿ ಹೊರಬರಲು ಸಹಸ್ರಾರು ವರ್ಷಗಳು ಬೇಕು. ನ್ಯೂಟ್ರಿನೋವಾದರೋ ಯಾವ ತಡೆಯನ್ನೂ ಲಕ್ಷಿಸದೆ ಸುಮಾರು ಎಂಟು ನಿಮಿಷಗಳಲ್ಲಿ ಭೂಮಿಯನ್ನು ಮುಟ್ಟುತ್ತದೆ. ಒಂದು ಚದರ ಸೆಂಟಿಮೀಟರಿನಷ್ಟು ಜಾಗದಲ್ಲಿ ಕ್ಷಣಕ್ಕೆ ಆರು ಸಾವಿರ ಕೋಟಿಗೂ ಮಿಕ್ಕು ಹಾದುಹೋಗುತ್ತವೆ. ರಾತ್ರಿಯಲ್ಲಿಯೂ ಬಿಡುವಿಲ್ಲ, ಕುಮಾರಪಟ್ಟಣದ ತುಂಗಭದ್ರಾ ತೀರದಲ್ಲಿ ಮಲಗಿದವನ ಮೈಯನ್ನು ಅವು ಭೂಗೋಳವನ್ನೇ ಭೇದಿಸಿ ಕೆಳಗಿನಿಂದ ಹೊಗುತ್ತವೆ. ಅವನಿಗೆ ಎಚ್ಚರವಾಗುವುದಿಲ್ಲವೆಂಬುದೇ ವಿಜ್ಞಾನಿಗಳ ಸಂಕಟ. ಯಾವುದನ್ನೂ ತಾಕದ ವಸ್ತುವನ್ನು ಹಿಡಿಯುವುದೆಂತು?

ನೆಲದ ಮೇಲೆ ವಿಶ್ವಕಿರಣಗಳ ಸಂತೆಯ ಗದ್ದಲ. ಆ ಗದ್ದಲವನ್ನು ಬಂಡೆಯ ಹೊದಿಕೆಯೊಂದೇ ಅಡಗಿಸಬಲ್ಲುದು. ನಂಜನಗೂಡಿನ ಕಡೆಯವರಾದ ಶ್ರೀ ಬಿ. ವಿ. ಶ್ರೀಕಂಠನ್ ಅವರು, ಹೋಮಿ ಭಾಭಾ ಅವರ ಪ್ರೇರಣೆಯಿಂದ, 1951ರಲ್ಲಿ ಕೋಲಾರದ ಗಣಿಗಿಳಿದು ಅಳತೆಗಳನ್ನು ಆರಂಭಿಸಿದರು. 1960ರ ದಶಕದ ಆರಂಭದಲ್ಲಿ ಸುಮಾರು 2.7 ಕಿಲೋಮೀಟರ್ ಆಳದಲ್ಲಿ ಉಪಕರಣವನ್ನಿಟ್ಟು ಎರಡು ತಿಂಗಳು ಕಾದರೂ ಮೇಲಿನಿಂದ ಇಳಿದ ಮ್ಯೂಆನ್ ಕಣ ಒಂದೂ ಕಾಣಲಿಲ್ಲ. ಬೇರೆಯವರಾಗಿದ್ದರೆ ಶ್ರಮವು ವ್ಯರ್ಥವಾಯಿತೆನ್ನುತ್ತಿದ್ದರು. ಇವರು ಆ ಶೂನ್ಯದಲ್ಲಿಯೇ ಲಾಭವನ್ನು ಕಂಡರು: ಇಷ್ಟು ನಿಶ್ಶಬ್ದವಾದ ಎಡೆಯಲ್ಲಿ ನ್ಯೂಟ್ರಿನೋವಿನ ಪಿಸುಮಾತು ಕೇಳಿಸದಿರದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯಗಳು ಕೂಡಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು 2.3 ಕಿಲೋಮೀಟರ್ ಆಳದಲ್ಲಿ ಯಂತ್ರಗಳನ್ನು ಗೋಡೆಗಳಂತೆ ನಿಲ್ಲಿಸಿದುವು. ಮೇಲಿನಿಂದಲ್ಲದೆ ಪಕ್ಕದ ಬಂಡೆಯಿಂದ ಅಡ್ಡಲಾಗಿ ಹೊಮ್ಮಿದ ಮ್ಯೂಆನ್, ನ್ಯೂಟ್ರಿನೋವಿನ ಸಂತಾನವಲ್ಲದೆ ಮತ್ತೇನಾಗಿದ್ದೀತು? ಅಂಥ ಗುರುತುಗಳು ದೊರೆತು, 1965ರ ಆಗಸ್ಟ್ 15ರಂದು ವರದಿಯು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ದುಡಿಯುತ್ತಿದ್ದ ರೈನ್ಸ್ ತಂಡದ ವರದಿ ಬಂದುದು ಹದಿನೈದು ದಿನಗಳ ತರುವಾಯ. ಆದರೆ ಆ ತಂಡಕ್ಕೆ ಮೊದಲ ಗುರುತು ಅದೇ ವರ್ಷದ ಫೆಬ್ರವರಿಯಲ್ಲಿಯೇ ಸಿಕ್ಕಿತ್ತು. ಆದುದರಿಂದ ಕೀರ್ತಿಯನ್ನು ಹಂಚಿಕೊಳ್ಳುವುದೇ ನ್ಯಾಯ. ಅಭಿಮಾನದಿಂದ ಸತ್ಯವನ್ನು ಮೊಟಕುಮಾಡಬಾರದು.

ಇನ್ನೊಂದು ಮಾತನ್ನೂ ಮರೆಮಾಚಲಾಗದು. ಕೋಲಾರದಲ್ಲಿ ಸಿಕ್ಕವು ಸೂರ್ಯನ ನ್ಯೂಟ್ರಿನೋಗಳಲ್ಲ, ವಿಶ್ವಕಿರಣಗಳು ವಾಯುಮಂಡಲವನ್ನು ತಾಗಿದಾಗ ಹುಟ್ಟಿದಂಥವು. ಸೂರ್ಯನವು ಬಹಳ ಬಲಹೀನವಾದುವು. ಅವಕ್ಕೆ ಬೇರೊಂದು ಬಲೆ ಬೇಕು. ಆ ಬಲೆಯನ್ನು ಅಮೆರಿಕದ ರೇ ಡೇವಿಸ್ ಎಂಬ ರಸಾಯನಶಾಸ್ತ್ರಜ್ಞನು ಹೋಮ್‌ಸ್ಟೇಕ್ ಗಣಿಯಲ್ಲಿ ಹೂಡಿದನು. ಅದೂ ಚಿನ್ನದ ಗಣಿಯೇ! ಸುಮಾರು 3,80,000 ಲೀಟರ್ ಕ್ಲೋರೀನ್‌ಯುಕ್ತ ದ್ರವ. ನ್ಯೂಟ್ರಿನೋ ತಾಕಿದ ಕ್ಲೋರೀನ್ ಪರಮಾಣು ಆರ್ಗಾನ್ ಆಗುವುದು. ಅಷ್ಟು ದೊಡ್ಡ ತೊಟ್ಟಿಯಿಂದ ಕೆಲವೇ ಪರಮಾಣುಗಳನ್ನು ಆಯ್ದು ಎಣಿಸಬೇಕು. 1968ರಿಂದ ಹೊರಬಂದ ಲೆಕ್ಕಗಳಲ್ಲಿ ಜಾನ್ ಬಾಕಾಲ್ ಗಣಿಸಿದುದರ ಮೂರನೆಯ ಒಂದು ಪಾಲು ಮಾತ್ರ ದೊರೆಯಿತು. ಡೇವಿಸನ ಎಣಿಕೆ ತಪ್ಪೆಂದರು ಕೆಲವರು, ಬಾಕಾಲನ ಗಣಿತ ತಪ್ಪೆಂದರು ಕೆಲವರು. ಸೂರ್ಯಗರ್ಭವೇ ತಣಿದಿದೆಯೇನೋ ಎಂದವರೂ ಉಂಟು. ಡೇವಿಸನು ವಾದಿಸದೆ ಮೂರು ದಶಕಗಳಿಗೆ ಸಮೀಪವಾಗಿ ಎಣಿಸುತ್ತಲೇ ಇದ್ದನು.

ಎಣಿಕೆಯೂ ಸರಿ, ಗಣಿತವೂ ಸರಿ; ದಾರಿಯಲ್ಲಿ ಕಣಗಳೇ ವೇಷ ಮರೆಸುತ್ತಿದ್ದುವು. ನ್ಯೂಟ್ರಿನೋಗಳಲ್ಲಿ ಮೂರು ಜಾತಿ. ಡೇವಿಸನ ತೊಟ್ಟಿಯು ಒಂದೇ ಬಣ್ಣದ ರುಮಾಲಿನವರನ್ನು ಎಣಿಸುವ ಸುಂಕದ ಕಟ್ಟೆಯಂತಿದ್ದಿತು. ಇಂಥ ರೂಪಾಂತರ ಸಾಧ್ಯವೆಂದು ಬ್ರೂನೋ ಪಾಂಟೆಕಾರ್ವೋ 1957ರಲ್ಲಿಯೇ ಸೂಚಿಸಿದ್ದನು. ಕ್ಲೋರೀನಿನ ಉಪಾಯವನ್ನು 1946ರಲ್ಲಿ ಹೇಳಿದವನೂ ಆತನೇ. ಕೋಲಾರದಲ್ಲಿ ಕಂಡ ಜಾತಿಯ ವಾಯುಮಂಡಲದ ನ್ಯೂಟ್ರಿನೋಗಳು ರೂಪ ಬದಲಿಸುವುದನ್ನು 1998ರಲ್ಲಿ ಜಪಾನಿನ ಸೂಪರ್ ಕಾಮಿಯೊಕಾಂಡೆ ತೋರಿಸಿತು. ಕೆನಡದ ಸಡ್‌ಬರಿಯ ನಿಕ್ಕಲ್ ಗಣಿಯಲ್ಲಿ ಸಾವಿರ ಟನ್ ಭಾರಜಲವನ್ನಿಟ್ಟು ಮೂರು ಜಾತಿಗಳನ್ನೂ ಎಣಿಸಿದವರ ಮೊತ್ತವು 2002ರಲ್ಲಿ ಬಾಕಾಲನ ಗಣಿತಕ್ಕೆ ಹೊಂದಿಕೊಂಡಿತು. ಅದೇ ವರ್ಷ ಡೇವಿಸನಿಗೆ, ಎಂಬತ್ತೆಂಟರ ಪ್ರಾಯದಲ್ಲಿ, ನೊಬೆಲ್ ಪಾರಿತೋಷಕವು ಸಂದಿತು.

ಕೋಲಾರದ ಪ್ರಯೋಗಗಳು 1990ರ ದಶಕದಲ್ಲಿ ನಿಂತುವು. ಗಣಿಯನ್ನು 2001ರ ಫೆಬ್ರವರಿ 28ರಂದು ಮುಚ್ಚಲಾಯಿತು. ಪ್ರಯೋಗ ನಡೆದ ಆ ಸುರಂಗಗಳಿಗೆ ಈಗ ಯಾರೂ ಇಳಿಯಲಾರರು. ಅಲ್ಲಿ ನೀರು ತುಂಬಿದೆ. ಶ್ರೀಕಂಠನ್ ಅವರು 2019ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು.