ಅಮೆರಿಕದ ರಾಜಕಾರಣದಲ್ಲಿ ವೈದ್ಯರು: ತಿಳುವಳ್ಳಿಯ ಹರ್ಡೀಕರರಿಂದ ಹಲ್ಲೆಗೆರೆಯ ಮೂರ್ತಿಯವರೆಗೆ



ಜುಲೈ 1ರ ವೈದ್ಯರ ದಿನದ ನಿಮಿತ್ತ ಈ ಪುಟಕ್ಕೆ ಒಂದು ಮಾಹಿತಿ ಲೇಖನ ಬೇಕೆಂದು ಸಮಿತಿಯಲ್ಲಿ ಮಾತಾದಾಗ ಉಪ್ಪಳ ಕಡೆಯ ಹಿರಿಯ ಸದಸ್ಯರೊಬ್ಬರು ಒಂದು ಪ್ರಶ್ನೆ ಎತ್ತಿದರು. ಅವರ ಮಗ ಅಮೆರಿಕದಲ್ಲಿ ಡಾಕ್ಟರು. ‘ಅಲ್ಲಿ ಡಾಕ್ಟರುಗಳು ಚುನಾವಣೆಗೂ ನಿಲ್ಲುತ್ತಾರಂತೆ, ದೊಡ್ಡ ದೊಡ್ಡ ಹುದ್ದೆಗೂ ಹೋಗುತ್ತಾರಂತೆ. ನಮ್ಮ ಕನ್ನಡದವರು ಯಾರಾದರೂ ಹಾಗೆ ಇದ್ದಾರೆಯೇ?’ ಎಂದು ಕೇಳಿದರು. ಆ ಹೊತ್ತಿಗೆ ನಮ್ಮಲ್ಲಿ ಯಾರಿಗೂ ಸರಿಯಾದ ಉತ್ತರ ತೋಚಲಿಲ್ಲ. ಆಮೇಲೆ ಹುಡುಕಿದಾಗ ಇಬ್ಬರು ಸಿಕ್ಕಿದರು. ಇಬ್ಬರ ನಡುವೆ ಸುಮಾರು ನೂರು ವರ್ಷಗಳ ಅಂತರ. ಒಬ್ಬರು ಅಮೆರಿಕದಲ್ಲಿ ಮತದ ಹಕ್ಕೇ ಇಲ್ಲದೆ ರಾಜಕೀಯ ಮಾಡಿದವರು, ಇನ್ನೊಬ್ಬರು ಆ ದೇಶದ ಸೆನೆಟ್ ಎರಡು ಸಲ ಮತ ಹಾಕಿ ಒಪ್ಪಿದ ವೈದ್ಯರು.

ಮೊದಲು ಅಮೆರಿಕದ ಹಿನ್ನೆಲೆ ಸ್ವಲ್ಪ ಹೇಳಬೇಕು. ಅಲ್ಲಿ ವೈದ್ಯರು ರಾಜಕೀಯಕ್ಕೆ ಬಂದದ್ದು ಈಚಿನ ಸಂಗತಿಯಲ್ಲ. 1776ರ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಮಂದಿಯಲ್ಲಿ ಫಿಲಡೆಲ್ಫಿಯಾದ ಡಾ. ಬೆಂಜಮಿನ್ ರಷ್, ನ್ಯೂ ಹ್ಯಾಂಪ್‌ಶೈರ್‌ನ ಜೋಸಯಾ ಬಾರ್ಟ್ಲೆಟ್ ಮತ್ತು ಮ್ಯಾಥ್ಯೂ ಥಾರ್ನ್‌ಟನ್, ಜಾರ್ಜಿಯಾದ ಲೈಮನ್ ಹಾಲ್ ವೈದ್ಯರೇ. ಇವರಲ್ಲಿ ರಷ್ ಬಹಳ ಪ್ರಸಿದ್ಧರು. ಗುಲಾಮಗಿರಿಯ ವಿರುದ್ಧ ಬರೆದರು, ಮಾನಸಿಕ ರೋಗಿಗಳನ್ನು ಸರಪಳಿಯಲ್ಲಿ ಕಟ್ಟುವುದು ತಪ್ಪೆಂದು ವಾದಿಸಿದರು. ಆದರೆ 1793ರಲ್ಲಿ ಫಿಲಡೆಲ್ಫಿಯಾಕ್ಕೆ ಹಳದಿ ಜ್ವರ ಬಂದಾಗ ಇದೇ ರಷ್ ರೋಗಿಗಳ ಮೈಯಿಂದ ರಕ್ತ ತೆಗೆಯುವ ಚಿಕಿತ್ಸೆಯನ್ನು ಅತಿಯಾಗಿ ಮಾಡಿದರು. ಎದುರು ಮಾತಾಡಿದವರ ಮಾತು ಕೇಳಲಿಲ್ಲ. ಸಾರ್ವಜನಿಕ ಜೀವನದಲ್ಲಿ ದೊಡ್ಡ ಹೆಸರಿದ್ದ ವೈದ್ಯರ ಚಿಕಿತ್ಸೆಯೂ ತಪ್ಪಬಹುದೆಂದು ಇದರಿಂದ ಗೊತ್ತಾಗುತ್ತದೆ.

ಇನ್ನು ನಮ್ಮವರ ವಿಷಯಕ್ಕೆ ಬರೋಣ.

ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು ಹುಟ್ಟಿದ್ದು 1889ರ ಮೇ 7ರಂದು, ಅಂದಿನ ಧಾರವಾಡ ಜಿಲ್ಲೆಯ ತಿಳುವಳ್ಳಿಯಲ್ಲಿ. ಈಗ ಆ ಊರು ಹಾವೇರಿ ಜಿಲ್ಲೆಗೆ ಸೇರಿದೆ. ಕಲ್ಕತ್ತೆಯಲ್ಲಿ ವೈದ್ಯಶಾಸ್ತ್ರ ಓದಿ 1913ರಲ್ಲಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯವನ್ನು ವಿಷಯವಾಗಿ ಆರಿಸಿಕೊಂಡು ಸ್ನಾತಕೋತ್ತರ ಪದವಿ ಪಡೆದರು. ಈ ಆಯ್ಕೆಯನ್ನು ಗಮನಿಸಬೇಕು. ಆ ಕಾಲದಲ್ಲಿ ಹೊರದೇಶಕ್ಕೆ ಹೋದ ಡಾಕ್ಟರು ಶಸ್ತ್ರಚಿಕಿತ್ಸೆಯನ್ನೋ ಕಣ್ಣಿನ ಚಿಕಿತ್ಸೆಯನ್ನೋ ಕಲಿತು ಬಂದು ದೊಡ್ಡ ಬೋರ್ಡು ಹಾಕಬಹುದಿತ್ತು. ಇವರು ಕಲಿತದ್ದು ಒಂದು ಊರಿಗೇ ರೋಗ ಬಾರದಂತೆ ನೋಡಿಕೊಳ್ಳುವ ವಿದ್ಯೆಯನ್ನು.

ಅಷ್ಟರಲ್ಲಿ ಲಾಲಾ ಲಜಪತರಾಯರು ಅಮೆರಿಕಕ್ಕೆ ಬಂದಿದ್ದರು. ಮೊದಲ ಮಹಾಯುದ್ಧದ ಕಾರಣ ಬ್ರಿಟಿಷರು ಅವರನ್ನು ಊರಿಗೆ ಮರಳಲು ಬಿಡುತ್ತಿರಲಿಲ್ಲ. 1917ರಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ಇಂಡಿಯಾ ಹೋಮ್ ರೂಲ್ ಲೀಗ್ ಸ್ಥಾಪಿಸಿದರು, ಮರುವರ್ಷ ‘ಯಂಗ್ ಇಂಡಿಯಾ’ ಎಂಬ ಮಾಸಿಕ ಹೊರಟಿತು. (ಗಾಂಧೀಜಿಯವರ ‘ಯಂಗ್ ಇಂಡಿಯಾ’ ಬೇರೆ, ಇದು ಬೇರೆ.) ಹರ್ಡೀಕರರು ಲಜಪತರಾಯರ ಬಲಗೈಯಾಗಿ ಲೀಗಿನ ಸಂಘಟನೆಗೂ ಪತ್ರಿಕೆಯ ಕೆಲಸಕ್ಕೂ ನಿಂತರು. ಸದಸ್ಯರನ್ನು ಸೇರಿಸುವುದು, ಪತ್ರಿಕೆ ಕಳಿಸುವುದು, ಸಭೆ ಏರ್ಪಡಿಸುವುದು, ಲೆಕ್ಕ ಇಡುವುದು. ಕಾರ್ಯದರ್ಶಿಯ ಕೆಲಸ ಯಾವ ದೇಶದಲ್ಲಾದರೂ ಒಂದೇ ಎಂದು ಓದುವಾಗ ನಮಗೆ ನಗು ಬಂತು.

ಅಂದಿನ ಅಮೆರಿಕದಲ್ಲಿ ಭಾರತೀಯರ ಸ್ಥಿತಿ ಏನಿತ್ತೆಂದು ತಿಳಿದರೆ ಈ ಕೆಲಸದ ಕಷ್ಟ ಗೊತ್ತಾಗುತ್ತದೆ. 1917ರ ವಲಸೆ ಕಾನೂನು ಭಾರತವೂ ಸೇರಿದ ಏಷ್ಯಾದ ದೊಡ್ಡ ಭಾಗದಿಂದ ಜನ ಬಂದು ನೆಲೆಸುವುದನ್ನೇ ತಡೆಯಿತು. ಅದೇ ವರ್ಷ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗದರ್ ಪಕ್ಷದವರ ಮೇಲೆ ಪಿತೂರಿ ಮೊಕದ್ದಮೆ ನಡೆಯುತ್ತಿತ್ತು. ಪೌರತ್ವ ಕೆಲವೇ ಭಾರತೀಯರಿಗೆ ಸಿಕ್ಕಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲವೆಂದು ತೀರ್ಪು ಕೊಟ್ಟು ಆ ಬಾಗಿಲನ್ನೂ ಮುಚ್ಚಿತು. ಅದು ಮತ್ತೆ ತೆರೆದದ್ದು 1946ರಲ್ಲಿ, ಅದೂ ವರ್ಷಕ್ಕೆ 100 ಮಂದಿಯ ಪ್ರವೇಶದ ಮಿತಿಯೊಂದಿಗೆ. ಹಾಗಾಗಿ ಹರ್ಡೀಕರರದ್ದು ಮತವೂ ಇಲ್ಲದ, ಹುದ್ದೆಯೂ ಇಲ್ಲದ ರಾಜಕೀಯ. ಅಮೆರಿಕದ ಸಾಮಾನ್ಯ ಜನರಿಗೆ, ಪತ್ರಿಕೆಗಳಿಗೆ, ಶಾಸನಸಭೆಯವರಿಗೆ ಭಾರತದ ವಿಷಯವನ್ನು ತಿಳಿಸಿ ಮನವೊಲಿಸುವುದಷ್ಟೇ ಅವರ ಕೈಯಲ್ಲಿದ್ದದ್ದು.

1921ರಲ್ಲಿ ಅವರು ಊರಿಗೆ ಮರಳಿದರು. 1923ರ ನಾಗಪುರದ ಧ್ವಜ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯ ಸ್ವಯಂಸೇವಕರೊಂದಿಗೆ ಹೋಗಿ ಜೈಲು ಸೇರಿದರು. ಜೈಲಿನ ಅನುಭವದ ಮೇಲೆ ಅವರಿಗೆ ಶಿಸ್ತುಬದ್ಧವಾದ ಸ್ವಯಂಸೇವಕರ ಪಡೆಯೊಂದು ಬೇಕೆನಿಸಿತು. ಅದೇ ವರ್ಷ ಡಿಸೆಂಬರಿನ ಕಾಕಿನಾಡ ಕಾಂಗ್ರೆಸ್ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಮೊದಲ ಅಧ್ಯಕ್ಷರು ಜವಾಹರಲಾಲ್ ನೆಹರೂ. ಮರುವರ್ಷ ಗಾಂಧೀಜಿ ಅಧ್ಯಕ್ಷತೆ ವಹಿಸಿದ ಬೆಳಗಾವಿ ಅಧಿವೇಶನದ ಸ್ವಯಂಸೇವಕರ ವ್ಯವಸ್ಥೆ ಹರ್ಡೀಕರರದ್ದು. ಅಷ್ಟು ದೊಡ್ಡ ಜಾತ್ರೆಯಂಥ ಸಭೆಯಲ್ಲಿ ನೀರು, ನೈರ್ಮಲ್ಯ, ಪ್ರಥಮ ಚಿಕಿತ್ಸೆ ಕೆಟ್ಟರೆ ಭಾಷಣಕ್ಕಿಂತ ಮೊದಲು ಕಾಲರಾ ಬರುತ್ತದೆ. ಮಿಶಿಗನ್‌ನಲ್ಲಿ ಕಲಿತ ವಿದ್ಯೆಗೆ ಅಲ್ಲಿ ಕೆಲಸವಿತ್ತು. ಸೇವಾದಳದ ಮಹಿಳಾ ವಿಭಾಗವನ್ನು ನಡೆಸಿದ ಉಮಾಬಾಯಿ ಕುಂದಾಪುರ ಅವರು ಮಂಗಳೂರಿನಲ್ಲಿ ಹುಟ್ಟಿದವರು ಎಂಬುದನ್ನು ನಮ್ಮ ಕರಾವಳಿಯ ಸದಸ್ಯರಿಗೆ ನೆನಪಿಸಬೇಕು. 1932ರಲ್ಲಿ ಸರಕಾರ ಸೇವಾದಳವನ್ನು ನಿಷೇಧಿಸಿತು.

ಸ್ವಾತಂತ್ರ್ಯ ಬಂದ ಮೇಲೆ ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯಲ್ಲಿದ್ದರು. 1958ರಲ್ಲಿ ಪದ್ಮಭೂಷಣ ಬಂತು. ಬೆಳಗಾವಿ ಜಿಲ್ಲೆಯ ಘಟಪ್ರಭಾದ ಆರೋಗ್ಯಧಾಮದೊಂದಿಗೂ ಅವರ ನಂಟು ಉಳಿಯಿತು. 1975ರ ಆಗಸ್ಟ್ 26ರಂದು ತೀರಿಕೊಂಡರು; 1989ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರತಂದಿತು. ಆಗ ನಾವು ನೌಕರಿಯಲ್ಲಿದ್ದೆವು. ಟಪಾಲು ವಿಭಾಗದಲ್ಲಿ ಎಷ್ಟೋ ಲಕೋಟೆ ಒಡೆದಿದ್ದೇವೆ, ಆ ಚೀಟಿ ಕಣ್ಣಿಗೆ ಬಿದ್ದಿದ್ದರೂ ಅದು ಯಾರ ಮುಖವೆಂದು ವಿಚಾರಿಸಲಿಲ್ಲ.

ಎರಡನೆಯವರು ನಿಮಗೆ ಗೊತ್ತಿರುವವರು. ಡಾ. ವಿವೇಕ್ ಹಲ್ಲೆಗೆರೆ ಮೂರ್ತಿ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಅವರ ಕುಟುಂಬದ ಊರು. ನಮ್ಮಲ್ಲಿ ಮನೆತನದ ಹೆಸರು ಇನಿಷಿಯಲ್ ಆಗಿ ಕುಗ್ಗಿಹೋಗುತ್ತದೆ. ಅವರ ಹೆಸರಿನಲ್ಲಿ ಊರು ಪೂರ್ತಿಯಾಗಿ ಉಳಿದಿದೆ. ಹುಟ್ಟಿದ್ದು 1977ರ ಜುಲೈ 10ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನಲ್ಲಿ, ಬೆಳೆದದ್ದು ಅಮೆರಿಕದ ಮಯಾಮಿಯಲ್ಲಿ. ತಂದೆ ವೈದ್ಯರು, ತಾಯಿ ಕ್ಲಿನಿಕ್ ನಡೆಸಲು ಜೊತೆಗಿದ್ದವರು. ಹಾರ್ವರ್ಡ್‌ನಲ್ಲಿ ಪದವಿ, ಯೇಲ್‌ನಲ್ಲಿ ವೈದ್ಯಕೀಯದ ಜೊತೆಗೆ ವ್ಯವಹಾರ ಆಡಳಿತದ ಪದವಿ. 2008ರ ಚುನಾವಣೆಯಲ್ಲಿ ಒಬಾಮಾ ಪರವಾಗಿ ವೈದ್ಯರನ್ನು ಸಂಘಟಿಸಿದರು. ಅದೇ ಮುಂದೆ ‘ಡಾಕ್ಟರ್ಸ್ ಫಾರ್ ಅಮೆರಿಕ’ ಸಂಘಟನೆಯಾಯಿತು.

2013ರ ನವೆಂಬರಿನಲ್ಲಿ ಒಬಾಮಾ ಅವರನ್ನು ಸರ್ಜನ್ ಜನರಲ್ ಹುದ್ದೆಗೆ ನಾಮಕರಣ ಮಾಡಿದರು. ಇದು ಚುನಾಯಿತ ಹುದ್ದೆಯಲ್ಲ, ಆದರೆ ಸೆನೆಟ್ ಒಪ್ಪಬೇಕು. ದೇಶದ ಜನರಿಗೆ ಆರೋಗ್ಯದ ವಿಷಯದಲ್ಲಿ ಅಧಿಕೃತವಾಗಿ ಮಾತಾಡುವ ವೈದ್ಯನೆಂದು ಈ ಹುದ್ದೆಯನ್ನು ಹೇಳಬಹುದು. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು 1964ರಲ್ಲಿ ಸರಕಾರದ ವರದಿ ಹೊರಬಂದದ್ದು ಇದೇ ಹುದ್ದೆಯಿಂದ. ಮೂರ್ತಿಯವರ ಕಡತ ಮಾತ್ರ ಒಂದು ವರ್ಷಕ್ಕೂ ಹೆಚ್ಚು ಕಾಲ ಮುಂದೆ ಹೋಗಲಿಲ್ಲ. ಕಾರಣ, 2012ರಲ್ಲಿ ಅವರು ಟ್ವಿಟರ್‌ನಲ್ಲಿ ಬಂದೂಕು ಕೂಡ ಆರೋಗ್ಯದ ವಿಷಯವೇ ಎಂಬರ್ಥದ ಮಾತು ಬರೆದಿದ್ದರು. ಬಂದೂಕು ಮಾಲಿಕರ ಪ್ರಬಲ ಸಂಘಟನೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಇದನ್ನು ಹಿಡಿದು ವಿರೋಧಿಸಿತು. ಚುನಾವಣೆ ಎದುರಿಸಬೇಕಿದ್ದ ಸ್ವಪಕ್ಷದ ಸೆನೆಟರುಗಳೂ ಹಿಂಜರಿದರು. ಎಬೋಲಾ ಭೀತಿ ಹಬ್ಬಿದ ತಿಂಗಳುಗಳಲ್ಲಿಯೂ ಹುದ್ದೆಗೆ ಕಾಯಂ ವೈದ್ಯರಿರಲಿಲ್ಲ. ಕೊನೆಗೆ 2014ರ ಡಿಸೆಂಬರ್ 15ರಂದು 51–43 ಮತಗಳಿಂದ ಒಪ್ಪಿಗೆ ಸಿಕ್ಕಿತು. ಆಗ ಅವರಿಗೆ ವಯಸ್ಸು 37. ಭಾರತೀಯ ಮೂಲದವರೊಬ್ಬರು ಆ ಹುದ್ದೆಗೆ ಬಂದದ್ದು ಅದೇ ಮೊದಲು.

2016ರಲ್ಲಿ ಅವರು ಮದ್ಯ ಮತ್ತು ಮಾದಕ ವ್ಯಸನದ ಬಗ್ಗೆ ವರದಿ ಕೊಟ್ಟರು; ವ್ಯಸನವು ರೋಗ, ನಡತೆಯ ದೋಷವಲ್ಲ ಎಂಬುದು ಅದರ ತಿರುಳು. 2017ರ ಏಪ್ರಿಲಿನಲ್ಲಿ ಹೊಸ ಸರಕಾರ ಅವರನ್ನು ಹುದ್ದೆಯಿಂದ ಇಳಿಸಿತು. 2021ರ ಮಾರ್ಚ್ 23ರಂದು ಸೆನೆಟ್ 57–43 ಮತಗಳಿಂದ ಅವರನ್ನು ಮತ್ತೆ ಒಪ್ಪಿತು. 2023ರಲ್ಲಿ ಒಂಟಿತನದ ಬಗ್ಗೆ, 2024ರ ಜೂನ್‌ನಲ್ಲಿ ಬಂದೂಕಿನ ಹಿಂಸೆಯ ಬಗ್ಗೆ ಸರ್ಜನ್ ಜನರಲ್ ಸಲಹಾಪತ್ರ ಹೊರಡಿಸಿದರು. ಯಾವ ಮಾತಿಗಾಗಿ ಹುದ್ದೆ ತಪ್ಪುವುದರಲ್ಲಿತ್ತೋ ಅದೇ ಮಾತನ್ನು ಹನ್ನೆರಡು ವರ್ಷಗಳ ಮೇಲೆ ಸರಕಾರಿ ಕಾಗದದಲ್ಲೇ ಹೇಳಿದರು. ಗುಮಾಸ್ತರಾಗಿ ಬಾಳು ಸವೆಸಿದ ನಮಗೆ ಇದು ತುಂಬಾ ಮೆಚ್ಚಿಗೆಯಾದ ಸಂಗತಿ. ಒಂಟಿತನದ ಸಲಹಾಪತ್ರವನ್ನಂತೂ, ಮಕ್ಕಳು ದೂರದೇಶದಲ್ಲಿದ್ದು ದೊಡ್ಡ ಮನೆಯಲ್ಲಿ ಇಬ್ಬರೇ ಇರುವ ನಮ್ಮ ಅನೇಕ ಸದಸ್ಯರು ಓದಬೇಕು.

ಚುನಾವಣೆಯಲ್ಲೇ ಗೆದ್ದ ಭಾರತೀಯ ಮೂಲದ ವೈದ್ಯರು ಬೇಕೆಂದರೆ ಕ್ಯಾಲಿಫೋರ್ನಿಯಾದ ಡಾ. ಅಮಿ ಬೇರಾ ಇದ್ದಾರೆ; ಗುಜರಾತಿ ಕುಟುಂಬ, 2012ರಲ್ಲಿ ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ, ಆಯ್ಕೆಯಾದವರು. ಗೆದ್ದ ಮೇಲೆ ದವಾಖಾನೆ ನಡೆಸಬಹುದೇ ಎಂದು ಕೆಲವರು ಕೇಳಿದ್ದಾರೆ. ಸೆನೆಟರುಗಳು ಹಣ ಪಡೆದು ನಡೆಸುವಂತಿಲ್ಲ. ಒಕ್ಲಹೋಮಾದ ಸೆನೆಟರ್ ಟಾಮ್ ಕೋಬರ್ನ್ ಹೆರಿಗೆ ವೈದ್ಯರು. ಸೆನೆಟರ್ ಆದ ಮೇಲೂ ಹೆರಿಗೆ ಮಾಡಿಸುತ್ತೇನೆಂದು ಹಟ ಹಿಡಿದು ನೀತಿ ಸಮಿತಿಯೊಂದಿಗೆ ವರ್ಷಗಟ್ಟಲೆ ಜಗಳವಾಡಿದರು.

ವೈದ್ಯರ ಮಾತಿನ ತೂಕ ರಾಜಕೀಯದಲ್ಲಿ ದಾರಿ ತಪ್ಪಿದ್ದೂ ಉಂಟು. ಬಿಲ್ ಫ್ರಿಸ್ಟ್ ಹೆಸರಾಂತ ಹೃದಯ ಕಸಿ ತಜ್ಞರು, 2003ರಿಂದ 2007ರವರೆಗೆ ಸೆನೆಟಿನ ಬಹುಮತದ ನಾಯಕರು. ಫ್ಲಾರಿಡಾದಲ್ಲಿ ವರ್ಷಗಳಿಂದ ಪ್ರಜ್ಞೆಯಿಲ್ಲದೆ ಮಲಗಿದ್ದ ಟೆರಿ ಶೈವೋ ಎಂಬ ಮಹಿಳೆಗೆ ಕೊಳವೆಯಿಂದ ಆಹಾರ ಕೊಡುವುದನ್ನು ನಿಲ್ಲಿಸಬೇಕೇ ಎಂಬ ವಿವಾದ 2005ರಲ್ಲಿ ಸೆನೆಟಿಗೆ ಬಂತು. ಫ್ರಿಸ್ಟ್ ಅವರು ವೀಡಿಯೋ ನೋಡಿ, ಆಕೆಯನ್ನು ಪರೀಕ್ಷಿಸಿದ ವೈದ್ಯರ ನಿದಾನವನ್ನೇ ಪ್ರಶ್ನಿಸಿದರು. ಆಕೆ ತೀರಿಕೊಂಡ ಮೇಲೆ ನಡೆದ ಶವಪರೀಕ್ಷೆಯಲ್ಲಿ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಗಿತ್ತೆಂದು ಕಂಡುಬಂತು. ಕೈಹಿಡಿದು ನಾಡಿ ನೋಡದೆ ರೋಗ ಹೇಳಿದ್ದಕ್ಕೆ ಅವರ ವೃತ್ತಿಯವರೇ ಅವರನ್ನು ಟೀಕಿಸಿದರು, ಮತ್ತು ಆ ಟೀಕೆ ಸರಿಯಾಗಿಯೇ ಇತ್ತೆಂದು ನಮಗನಿಸುತ್ತದೆ.

ಇಷ್ಟು ದೂರದ ವಿಷಯ ಗಡಿನಾಡಿನ ನಮಗೇಕೆ ಎಂದು ಕೇಳುವವರಿದ್ದಾರೆ. ಮಂಜೇಶ್ವರದಿಂದ 1980ರಲ್ಲೂ 1982ರಲ್ಲೂ ಗೆದ್ದು ಕೇರಳದ ನೀರಾವರಿ ಸಚಿವರಾಗಿದ್ದ ಡಾ. ಎ. ಸುಬ್ಬರಾವ್ ಅವರನ್ನು ಹಿರಿಯರು ಮರೆತಿಲ್ಲ. ಅವರ ಬಗ್ಗೆ ಬೇರೆಯೇ ಲೇಖನ ಬರಬೇಕು. ಮೂರ್ತಿಯವರ ಪ್ರಕರಣ ಓದುವಾಗ ಮಾತ್ರ ನಮಗೆ ನೆನಪಾದದ್ದು ಎಣ್ಮಕಜೆಯ ಪಡ್ರೆ ಗ್ರಾಮ. ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರರು ರಾಜಕಾರಣಿಯಲ್ಲ. ತನ್ನ ಕ್ಲಿನಿಕ್ಕಿಗೆ ಬರುವ ರೋಗಿಗಳಲ್ಲಿ ಒಂದೇ ಪ್ರದೇಶದಿಂದ ವಿಚಿತ್ರ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗಮನಿಸಿ ಬರೆದಿಟ್ಟವರು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿಯುತ್ತಿದ್ದ ಎಂಡೋಸಲ್ಫಾನಿನ ಕಡೆಗೆ ಬೆರಳು ತೋರಿಸಿದರು; ಪತ್ರಕರ್ತ ಶ್ರೀಪಡ್ರೆಯವರು ಅದನ್ನು ಹೊರಜಗತ್ತಿಗೆ ಮುಟ್ಟಿಸಿದರು. ಸುಪ್ರೀಂ ಕೋರ್ಟಿನ ತಡೆ ಬಂದದ್ದು 2011ರಲ್ಲಿ. ಬಂದೂಕು ಆರೋಗ್ಯದ ವಿಷಯವೇ ಎಂದು ಅಲ್ಲಿ ಕೇಳಿದಂತೆ, ತೋಟಕ್ಕೆ ಸಿಂಪಡಿಸುವ ಮದ್ದು ವೈದ್ಯರಿಗೆ ಸಂಬಂಧಿಸಿದ್ದೇ ಎಂದು ಇಲ್ಲಿಯೂ ಕೇಳಿದವರಿದ್ದರು.

2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿ ಆಂಬುಲೆನ್ಸುಗಳು ಮಂಗಳೂರು ತಲುಪಲಾರದೆ ಜೀವ ಹೋದದ್ದನ್ನು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ರೋಗಿಗಳಿಗಾಗಿ ದಾರಿ ಬಿಡಿಸಬೇಕೆಂದು ಏಪ್ರಿಲ್ 1ರಂದು ಕೇರಳ ಹೈಕೋರ್ಟು ಕೇಂದ್ರ ಸರಕಾರಕ್ಕೆ ಹೇಳಬೇಕಾಯಿತು. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಮಂಗಳೂರಿಗೆ ಹೋಗುತ್ತಿದ್ದ ನಮ್ಮ ಸದಸ್ಯರೊಬ್ಬರು ಆ ದಿನಗಳಲ್ಲಿ ದಿನಕ್ಕೆ ನಾಲ್ಕು ಸಲ ಫೋನು ಮಾಡುತ್ತಿದ್ದರು. ನಮ್ಮ ಬಳಿ ಹೇಳಲು ಏನೂ ಇರಲಿಲ್ಲ, ನೋಡುತ್ತೇವೆ ಎಂದಷ್ಟೇ ಹೇಳುತ್ತಿದ್ದೆವು. ಯಾವ ರಸ್ತೆ ತೆರೆದಿರಬೇಕು, ಯಾವ ಊರಿನಲ್ಲಿ ಯಂತ್ರ ಇರಬೇಕು ಎಂಬುದನ್ನು ತೀರ್ಮಾನಿಸುವ ಮೇಜಿನ ಸುತ್ತ ಒಬ್ಬ ವೈದ್ಯರಾದರೂ ಕುಳಿತಿರಬೇಕೆಂದು ಆಗ ಅನಿಸಿತ್ತು, ಈಗಲೂ ಅನಿಸುತ್ತದೆ.

ಸದಸ್ಯರಲ್ಲಿ ಒಂದು ವಿನಂತಿ. ನಮ್ಮ ಭಾಗದಿಂದ ಸೇವಾದಳದ ಶಿಬಿರಕ್ಕೆ ಹೋದವರು ಯಾರಾದರೂ ನಿಮ್ಮ ಕುಟುಂಬದಲ್ಲಿದ್ದರೆ, ಹಳೆಯ ಫೋಟೋ, ಪತ್ರ, ಪ್ರಮಾಣಪತ್ರ ಏನಾದರೂ ಉಳಿದಿದ್ದರೆ ಸಂಘದ ಕಚೇರಿಗೆ ತಿಳಿಸಿ. ಮೂಲಪ್ರತಿ ಕಳಿಸಬೇಡಿ, ಜೆರಾಕ್ಸ್ ಸಾಕು; ಹಿಂಬದಿಯಲ್ಲಿ ಹೆಸರು, ಊರು, ಗೊತ್ತಿದ್ದರೆ ಇಸವಿ ಬರೆದಿರಲಿ.

— ಕಾರ್ಯದರ್ಶಿ