ಅನಕಾಪಲ್ಲಿಯ ಬೆಲ್ಲ

ಆಂಧ್ರಪ್ರದೇಶದ ಶಾರದಾ ನದಿಯ ತೀರದ ಅನಕಾಪಲ್ಲಿಯ ಹೆಸರೆತ್ತಿದೊಡನೆ ಪ್ರಾಚ್ಯವಸ್ತು ಪಂಡಿತರಿಗೆ ಶಂಕರಂ ಗ್ರಾಮದ ಬೊಜ್ಜನ್ನಕೊಂಡದ ಬೌದ್ಧಸ್ತೂಪಗಳು ಸ್ಮರಣೆಗೆ ಬರುವುವಾದರೂ, ಗೃಹಸ್ಥರ ನಾಲಗೆಗೆ ನೆನಪಾಗುವುದು ಅಲ್ಲಿಯ ಬೆಲ್ಲವೇ. 1913ರಲ್ಲಿ ಸ್ಥಾಪಿತವಾದ ಕೃಷಿ ಸಂಶೋಧನಾ ಕೇಂದ್ರವು ಕಬ್ಬಿನ ಬೇಸಾಯಕ್ಕೆ ಶಾಸ್ತ್ರದ ಬೆಂಬಲವನ್ನಿತ್ತಿತು. ಪೇಟೆಯಾದರೋ ದೇಶದ ಅತಿ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಒಂದೆಂಬ ಖ್ಯಾತಿಯನ್ನು ಪಡೆಯಿತು.

ನಮ್ಮ ಮಂಡ್ಯದ ಆಲೆಮನೆಯನ್ನು ಕಂಡವರಿಗೆ ಅಲ್ಲಿನ ವಿಧಾನವು ಅಪರಿಚಿತವೆನಿಸದು. ಕೊಪ್ಪರಿಗೆಯಲ್ಲಿ ಕುದಿಯುವ ರಸಕ್ಕೆ ಸುಣ್ಣ ಬೀಳುತ್ತಲೇ ಕಲ್ಮಷವು ನೊರೆಯಾಗಿ ಮೇಲೇಳುತ್ತದೆ. ಅದನ್ನು ತೆಗೆದು, ಪಾಕದ ಹನಿಯೊಂದನ್ನು ತಣ್ಣೀರಿಗೆ ಬಿಟ್ಟು, ಅದು ಬೆರಳುಗಳ ನಡುವೆ ಉಂಡೆಕಟ್ಟಿದರೆ ಕೊಪ್ಪರಿಗೆಯನ್ನು ಇಳಿಸುತ್ತಾರೆ. ಹೀಗೆ ಸಹಜವಾಗಿ ಸಿದ್ಧವಾದ ಬೆಲ್ಲವು ಕಂದು ಬಣ್ಣದ್ದು. ಆದರೆ ಕೊಳ್ಳುವವರ ಕಣ್ಣು ಹೊಂಬಣ್ಣಕ್ಕೆ ಮನಸೋತುದರಿಂದ ಹೈಡ್ರೋಸ್ ಎಂಬ ರಾಸಾಯನಿಕವು ಆಲೆಮನೆಗಳನ್ನು ಹೊಕ್ಕಿತು. ರುಚಿಯನ್ನು ಕಣ್ಣಿನಿಂದ ಅಳೆಯುವ ನಮ್ಮ ಚಪಲಕ್ಕೆ ರೈತನೊಬ್ಬನನ್ನೇ ದೂರುವುದು ನ್ಯಾಯವಲ್ಲ.

ಕರಿಬೆಲ್ಲದ ಕಥೆ ಬೇರೆ. ಅದು ಕಳ್ಳಭಟ್ಟಿಗೂ ಒದಗುವುದೆಂಬ ಕಾರಣದಿಂದ ಅಧಿಕಾರಿಗಳ ದೃಷ್ಟಿ ವ್ಯಾಪಾರದ ಮೇಲೆ ಬಿದ್ದಿತು. ಕುಡಿತದ ಈ ಪ್ರಶ್ನೆಯು ಆಲೆಮನೆಯಾಚೆಗೂ ಹಬ್ಬಿತ್ತು: 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಸ್ತ್ರೀಯರು ಸಾರಾಯಿಯ ವಿರುದ್ಧವೆದ್ದಾಗ, ಕುಡುಕ ಗಂಡನ ಕೂಲಿಹಣವೆಂಬ ಅಡುಗೆಮನೆಯ ವ್ಯಾಜ್ಯವು ರಾಜ್ಯದ ಚರ್ಚೆಯಾಯಿತು, 1995ರಲ್ಲಿ ಎನ್.ಟಿ. ರಾಮರಾಯರ ಸರ್ಕಾರವು ಪಾನನಿಷೇಧವನ್ನು ಜಾರಿಗೆ ತಂದಿತು. ಅದು 1997ರಲ್ಲಿ ಸಡಿಲಗೊಂಡುದು ಖಜಾನೆಯ ಚಿಂತೆಯಿಂದ, ಗೃಹಿಣಿಯರ ಸಮ್ಮತಿಯಿಂದಲ್ಲ.

ಯುಗಾದಿಯ ಹಿಂದಿನ ದಿನ, ಕೊತ್ತ ಅಮಾವಾಸ್ಯೆಯಂದು, ಅನಕಾಪಲ್ಲಿಯಲ್ಲಿ ನೂಕಾಲಮ್ಮನ ಜಾತ್ರೆ ನೆರೆಯುತ್ತದೆ. ಮರುದಿನ ಮನೆಮನೆಯಲ್ಲಿ ಬೇವಿನ ಹೂವಿನೊಡನೆ ಬೆಲ್ಲ ಕಲಸುತ್ತಾರೆ. ಈ ಬಾರಿಯ ಯುಗಾದಿಗೆ ಬೆಲ್ಲವನ್ನು ಕೊಳ್ಳುವಾಗ ಓದುಗರು ಕಂದು ಅಚ್ಚನ್ನೇ ಕೇಳಿ ಪಡೆಯಲಿ.